ನನ್ನ ಮೊಣಕಾಲು, ಎಲ್ಲರ ಟಿಕೆಟ್

ತಿಳಿಯದಿದ್ದಾಗ "ತಿಳಿಯಲಿಲ್ಲ" ಎಂದು ಹೇಳಿಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನ್ನಿಂದ ಅದು ಆಗುವುದಿಲ್ಲ. ಎದುರಿಗಿದ್ದವರು ಏನನ್ನಾದರೂ ವಿವರಿಸತೊಡಗಿದರೆ ಸಾಕು, ನನ್ನ ತಲೆ ತಾನಾಗಿಯೇ ಆಡುತ್ತದೆ. ಡಾಕ್ಟರು ಎಕ್ಸ್‌ರೇ ಹಿಡಿದು "ಇಲ್ಲಿ ನೋಡ್ರಿ, ಸಂದು ಸವದದ" ಎಂದಾಗ ನನಗೆ ಕಂಡದ್ದು ಬರೀ ಬೂದು ಬಣ್ಣ, ತಲೆಯಾಡಿಸಿದೆ. ಭಾಲ್ಕಿಗೆ ನನ್ನ ಮದುವೆಯ ಮಾತುಕತೆಗೆ ಹೋದಾಗ ಮಾವನವರು ಅರ್ಧ ಗಂಟೆ ಮರಾಠಿಯಲ್ಲಿ ಮಾತಾಡಿದರು. ಬೀದರ್ ಹತ್ತಿರದ ಬಗದಲ್ ಹಳ್ಳಿಯವನಾದ ನನ್ನ ಮರಾಠಿ ಅಷ್ಟಕ್ಕಷ್ಟೇ, ಅದಕ್ಕೂ ತಲೆಯಾಡಿಸಿದೆ. ಪ್ರತಿ ದೀಪಾವಳಿಯನ್ನೂ ಅವರ ಮನೆಯಲ್ಲೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದು ನನಗೆ ಗೊತ್ತಾದದ್ದು ಮೊದಲ ದೀಪಾವಳಿ ಬಂದಾಗ. ಇಷ್ಟು ದಿನ ಈ ತಲೆಯಿಂದ ಕಷ್ಟಪಟ್ಟವನು ನಾನೊಬ್ಬನೇ. ಈ ಸಲ ಇನ್ನೊಬ್ಬರು ಪಟ್ಟರು. ನಾಚಿಕೆಯಾಗಿದೆ, ಅದಕ್ಕೇ ಹೇಳಿಕೊಳ್ಳುತ್ತಿದ್ದೇನೆ.

ನಾನು ಬೀದರಿನ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಆಡಳಿತ ನೋಡಿಕೊಳ್ಳುವವನು. ನಮ್ಮವರು ದಿಲ್ಲಿಗೋ ಜೈಪುರಕ್ಕೋ ಹೋಗಲು ಹೈದರಾಬಾದಿನಲ್ಲಿ ವಿಮಾನ ಹತ್ತಬೇಕಾದರೆ ಟಿಕೆಟ್ ಮಾಡಿಸುವುದು ನನ್ನ ಕೆಲಸ. ಮಾಡಿಸುವುದು ಎಂದರೆ ಮೆಹಬೂಬ್ ಭಾಯಿಗೆ ಫೋನ್ ಹಚ್ಚುವುದು, ಅಷ್ಟೇ. ಬಸ್ ನಿಲ್ದಾಣದ ಹತ್ತಿರ ಅವರದೊಂದು ಚಿಕ್ಕ ಟಿಕೆಟ್ ಅಂಗಡಿ. ವಿಮಾನ ಕಂಪನಿಗಳೆಲ್ಲ ತಮ್ಮ ದರಗಳನ್ನು ಒಂದೇ ದೊಡ್ಡ ಹಲಗೆಯ ಮೇಲೆ ಬರೆದಿಟ್ಟಂತೆ ಅವರ ಕಂಪ್ಯೂಟರಿನಲ್ಲಿ ಕಾಣುತ್ತಿದ್ದವು. ಆದರೆ ಅವರು ದರ ನೋಡುವ ಮೊದಲು ನಮ್ಮನ್ನು ವಿಚಾರಿಸುತ್ತಿದ್ದರು. "ಯಾರ ಹೊಂಟಾರ್ರಿ? ಬಿರಾದಾರ ಸಾಹೇಬ್ರಾ? ಹಂಗಾರ ಕಿಟಕಿ ಬ್ಯಾಡ, ಅವರಿಗಿ ಚಕ್ಕರ್ ಬರ್ತದ. ಸಾಮಾನ ಏನೇನದ? ಬೀಜದ ಡಬ್ಬಿ ಅದಾವೇನ್ರಿ?" ಹೀಗೆ ಹತ್ತು ಪ್ರಶ್ನೆ. ನನಗೆ ಆ ಪ್ರಶ್ನೆಗಳು ಬೇಸರ ತರಿಸುತ್ತಿದ್ದವು. ಟಿಕೆಟ್ ಕೊಡುವವನಿಗೆ ಇಷ್ಟು ವಿಚಾರಣೆ ಯಾಕೆ ಎಂದುಕೊಳ್ಳುತ್ತಿದ್ದೆ.

ಆಮೇಲೆ ಹೊಸ ಪದ್ಧತಿ ಬಂತು. ಅದಕ್ಕೆ ಎನ್‌ಡಿಸಿ ಎಂದು ಮೂರಕ್ಷರದ ಹೆಸರು. ಹೈದರಾಬಾದಿನಲ್ಲಿ ಒಂದು ದಿನದ ತರಬೇತಿಗೆ ನನ್ನನ್ನೇ ಕಳಿಸಿದರು. ಕಲಿಸುತ್ತಿದ್ದ ಹುಡುಗಿ ಬಲು ಜಾಣೆ, ಬಲು ವೇಗ. ಇನ್ನು ಆ ದೊಡ್ಡ ಹಲಗೆಯ ಹಂಗಿಲ್ಲ, ವಿಮಾನ ಕಂಪನಿಯೇ ನೇರವಾಗಿ ನಿಮ್ಮ ಕಂಪನಿಯ ಪೋರ್ಟಲ್ಲಿಗೆ ದರ ಕಳಿಸುತ್ತದೆ, ಯಾರು ಹೊರಟಿದ್ದಾರೆಂದು ನೋಡಿ ಅವರಿಗೆ ತಕ್ಕ ಸೀಟು, ಊಟ, ಸಾಮಾನು, ಸಹಾಯ ಎಲ್ಲವನ್ನೂ ಸೇರಿಸಿಯೇ ಕೊಡುತ್ತದೆ, ಆದ್ದರಿಂದ ಪ್ರಯಾಣಿಕರ ವಿವರದ ಪುಟವನ್ನು ಮನಸ್ಸಿಟ್ಟು ತುಂಬಿ ಎಂದಳು. ಇದಿಷ್ಟು ನನಗೆ ಈಗ ಗೊತ್ತಿರುವುದು. ಆವತ್ತು ತಿಳಿದದ್ದು ಊಟದ ಹೊತ್ತು ಮಾತ್ರ. ನಾನು ಎಷ್ಟು ಚೆನ್ನಾಗಿ ತಲೆಯಾಡಿಸಿದೆನೆಂದರೆ ಆಕೆ ಕೊನೆಕೊನೆಗೆ ನನ್ನ ಮುಖ ನೋಡಿಕೊಂಡೇ ಪಾಠ ಮಾಡಿದಳು.

ವಾಪಸು ಬಂದವನೇ ಸಭೆಯಲ್ಲಿ ಎದೆಯುಬ್ಬಿಸಿ, "ಇನ್ನ ಏಜೆಂಟರ ಗೋಜು ಇಲ್ಲರಿ. ಯಾರಿಗಿ ಏನ್ ಬೇಕು ಅದಕ್ಕ ಎಲ್ಲಾ ಗೊತ್ತಾಗ್ತದ" ಎಂದೆ. ಮೆಹಬೂಬ್ ಭಾಯಿಗೆ ವಿಷಯ ತಿಳಿಸುವ ಧೈರ್ಯ ಮಾತ್ರ ಬರಲಿಲ್ಲ. ಅವರ ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟು ಹಿಂದಿನ ಗಲ್ಲಿ ಹಿಡಿದೆ. ಇನ್ನು ಆಫೀಸಿನ ನಲವತ್ತು ಮಂದಿಯ ವಿವರ ತುಂಬಬೇಕಿತ್ತು. ಒಂದು ಪುಟ ತುಂಬಿ ಅದನ್ನೇ ನಕಲು ಮಾಡಿ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಬದಲಿಸಿದರೆ ಆಯಿತು ಎಂಬ ಸುಲಭದ ದಾರಿ ನನಗೆ ಹೊಳೆಯಿತು. ಮೊದಲು ತುಂಬಿದ ಪುಟ ಸಹಜವಾಗಿಯೇ ನನ್ನದು. ಹಿಂದಿನ ವರ್ಷ ಕೋಟೆಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ನನ್ನ ಮೊಣಕಾಲು ಸರಿಯಿಲ್ಲ. 'ಗಾಲಿಕುರ್ಚಿ ಬೇಕು' ಎಂಬಲ್ಲಿ ಗುರುತು ಹಾಕಿದ್ದೆ. ಅದನ್ನು ಮರೆತೇಬಿಟ್ಟಿದ್ದೆ. ಒಂದೇ ಮಧ್ಯಾಹ್ನದಲ್ಲಿ ನಲವತ್ತು ಪುಟ ಮುಗಿಸಿ, ಚಹಾ ಕುಡಿದು, ನನ್ನ ಚುರುಕಿಗೆ ನಾನೇ ಬೆರಗಾದೆ.

ಹೊಸ ಪದ್ಧತಿಯಲ್ಲಿ ಮೊದಲು ಹೋದವರು ನಮ್ಮ ಮ್ಯಾನೇಜರ್ ಬಿರಾದಾರ ಸಾಹೇಬರು. ಅರವತ್ತರ ಹತ್ತಿರವಿದ್ದರೂ ದಿನಾ ಬೆಳಿಗ್ಗೆ ಬಿರಬಿರನೆ ನಾಲ್ಕು ಮೈಲಿ ನಡೆಯುವ ಆಸಾಮಿ. ವಾಪಸು ಬಂದು, "ಪದ್ಧತಿ ಛಲೋ ಅದ ಬಿಡ್ರಿ. ಮರ್ಯಾದಿ ಅದ" ಎಂದರು. ಯಾವ ಮರ್ಯಾದೆ ಎಂದು ನಾನು ಕೇಳಬೇಕಿತ್ತು. ತಲೆಯಾಡಿಸಿದೆ.

ಎರಡನೆಯವಳು ಸುನಂದಾ. ಔರಾದ ಕಡೆಯ ಹುಡುಗಿ, ಕೃಷಿ ಪದವಿ ಮುಗಿಸಿ ನಮ್ಮಲ್ಲಿ ಕ್ಷೇತ್ರಾಧಿಕಾರಿಯಾಗಿ ಸೇರಿ ವರ್ಷವಾಗುತ್ತ ಬಂದಿತ್ತು. ಇನ್ನೊಂದು ತಿಂಗಳಲ್ಲಿ ಅವಳ ನೌಕರಿ ಕಾಯಂ ಆಗುವುದಿತ್ತು. ದಿಲ್ಲಿಯ ಬೀಜ ಪ್ರದರ್ಶನದಲ್ಲಿ ನಮ್ಮ ತೊಗರಿಯ ಬಗ್ಗೆ ಮಾತಾಡಲು ಅವಳನ್ನು ಆರಿಸಿದ್ದರು. ಅವಳಿಗೆ ಅದು ಮೊದಲ ವಿಮಾನ. ಬೆಳಿಗ್ಗೆ ಹತ್ತಕ್ಕೆ, ನಾನು ಲೆಕ್ಕ ವಿಭಾಗದವರಿಗೆ ಹೊಸ ಪದ್ಧತಿಯ ಗುಣಗಾನ ಮಾಡುತ್ತಿರುವಾಗ, ಹೈದರಾಬಾದಿನಿಂದ ಅವಳ ಫೋನು.

"ಸರ್, ಇಲ್ಲಿ ನನ್ನ ಹೆಸರಿಗಿ ಗಾಲಿಕುರ್ಚಿ ಬಂದದರಿ. ನನಗೇನ್ ಆಗಿಲ್ಲಲ್ರಿ, ಅಂದ್ರ ಇದರಾಗ ಬರದದ ಅಂತಾರ. ಏನ್ ಮಾಡ್ಲಿರಿ?"

ಆ ಕ್ಷಣಕ್ಕೇ ನನಗೆ ಎಲ್ಲಾ ಅರ್ಥವಾಯಿತು. ನಲವತ್ತು ಪುಟಗಳಲ್ಲೂ ನನ್ನ ಮೊಣಕಾಲು ಕಣ್ಣಿಗೆ ಕಟ್ಟಿತು. "ನನ್ನ ತಪ್ಪು, ಬ್ಯಾಡ ಅನ್ರಿ" ಎಂದರೆ ಮುಗಿಯುತ್ತಿತ್ತು. ಆದರೆ ಲೆಕ್ಕ ವಿಭಾಗದ ನಾಲ್ಕು ಜನ ನನ್ನ ಬಾಯಿ ನೋಡುತ್ತ ಕುಳಿತಿದ್ದರು. "ಕೂಡ್ರಿ, ಕೂಡ್ರಿ" ಎಂದೆ, "ಮೊದಲ್ನೇ ಸಲ ಹೊಂಟೀರಲ್ಲ, ಅದು ಕಂಪನಿ ಸೌಲಭ್ಯ ಅದ." ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅವಳು ದೊಡ್ಡವರ ಮಾತೆಂದು ಕುಳಿತಳು. ಸ್ವಲ್ಪ ಹೊತ್ತಿಗೆ ಅಲ್ಲೇ ಒಬ್ಬ ಮುದುಕಿ ಮಗನ ಕೈ ಹಿಡಿದು ಕುರ್ಚಿಗಾಗಿ ಕಾಯುತ್ತ ನಿಂತದ್ದು ಅವಳಿಗೆ ಕಂಡಿತು. ಕುರ್ಚಿಗಳು ಮುಗಿದಿದ್ದವು. ಸುನಂದಾ ಎದ್ದು ತನ್ನದರಲ್ಲಿ ಮುದುಕಿಯನ್ನು ಕೂಡಿಸಿ, ತೊಗರಿಯ ಚೀಲ ಹೆಗಲಿಗೇರಿಸಿ ದಡದಡ ನಡೆದಳು. ಅದನ್ನು ಕಂಡ ವಿಮಾನ ಕಂಪನಿಯ ಹೆಂಗಸು ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, ಸಾಲು ತಪ್ಪಿಸಲು ಸುಳ್ಳು ಹೇಳಿ ಕುರ್ಚಿ ತಗೊಂಡೆಯಲ್ಲ ಎಂದು ಬೈದಳು. ಅಷ್ಟಕ್ಕೇ ಬಿಡದೆ ನಮ್ಮ ಕಂಪನಿಗೂ ಪತ್ರ ಬರೆದಳು.

ಬಿರಾದಾರ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಪತ್ರ ಓದಿ, "ಏನಮ್ಮಾ ಇದು? ಇಂಥಾದ್ದು ಬಂದ ಮ್ಯಾಲ ನಿನ್ನ ನೌಕರಿ ಕಾಯಂ ಅಂತ ನಾ ಹ್ಯಾಂಗ ಸಹಿ ಮಾಡ್ಲಿ?" ಎಂದರು. ಸುನಂದಾ ಒಮ್ಮೆ ನನ್ನತ್ತ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸಾಹೇಬರು ನನ್ನ ಕಡೆ ತಿರುಗಿ, "ನೀವು ಈಕಿಗಿ ಎಲ್ಲಾ ಸರಿಯಾಗಿ ತಿಳಿಸಿ ಹೇಳಿದ್ರಲ್ಲ?" ಎಂದರು.

ನನ್ನ ತಲೆ ಆಡಿತು.

ಸಂಜೆ ಎಷ್ಟೋ ತಿಂಗಳ ಮೇಲೆ ಮೆಹಬೂಬ್ ಭಾಯಿಯ ಅಂಗಡಿಗೆ ಹೋದೆ. ಅವರು ಮುನಿಸು ತೋರಿಸದೆ ಚಹಾ ತರಿಸಿದರು. ಅದರಿಂದ ಇನ್ನಷ್ಟು ನಾಚಿಕೆಯಾಯಿತು. ಎಲ್ಲವನ್ನೂ ಹೇಳಿ, ಸುನಂದಾಳ ಟಿಕೆಟ್ಟಿನಿಂದ ಆ ಕುರ್ಚಿಯ ಗುರುತನ್ನು ಈಗಲಾದರೂ ಅಳಿಸಲು ಬರುತ್ತದೆಯೇ ಎಂದು ಕೇಳಿದೆ.

"ನಿಮ್ಮ ಪೋರ್ಟಲ್‌ದಾಗ ಮಾಡಿದ ಟಿಕೀಟ ನನ್ನ ಕಂಪ್ಯೂಟರ್‌ದಾಗ ಕಾಣೂದೇ ಇಲ್ಲರಿ" ಎಂದರು. ಚಹಾದ ಕಪ್ಪನ್ನು ನನ್ನತ್ತ ಸರಿಸಿ, "ಹೊಸಾದು ಕೆಟ್ಟದ್ದೇನಲ್ಲರಿ ಸಾಹೇಬ್ರ. ಅದೂ ನನ್ನಂಗೇ ಕೇಳ್ತದ, ಯಾರ ಹೊಂಟಾರ, ಏನ್ ಬೇಕು ಅಂತ. ನಾ ಕೇಳಿದ್ರ ನೀವು ಅವರಿಗಿ ಕೇಳಿ ಹೇಳ್ತಿದ್ರಿ. ಅದು ಕೇಳಿದ್ರ ಯಾರಿಗೂ ಕೇಳದೇ ನೀವೇ ಹೇಳೀರಿ. ಪೋರಿಗಿ ಯಾಕ ಶಿಕ್ಷಾ? ನಾಳಿಗಿ ಹೋಗಿ ಹೇಳಿಬಿಡ್ರಿ" ಎಂದರು.

ಮರುದಿನ ಸಾಹೇಬರ ಕೋಣೆಗೆ ಹೋಗಿ, ಕೂರದೆ, ನಿಂತೇ ಹೇಳಿದೆ. ತರಬೇತಿಯ ತಲೆಯಾಟದಿಂದ ಹಿಡಿದು ಫೋನಿನ ಸುಳ್ಳಿನವರೆಗೆ ಒಂದನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಅಂದ್ರ ನನ್ನ ಹೆಸರಿಗಿ ಕುರ್ಚಿ ಬಂದಿದ್ದೂ ನಿಮ್ಮ ಮೊಳಕಾಲಿಂದೇ ಏನ್ರಿ?"

"ಹೌದ್ರಿ ಸರ್. ನೀವು… ಕುಂತಿದ್ರೇನ್ರಿ?"

ಸಾಹೇಬರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸಿದರು. "ದೊಡ್ಡ ಹುದ್ದೇದವರಿಗಿ ಕೊಡ್ತಾರ ಅಂತ ತಿಳದಿದ್ದೆ" ಎಂದರು. ಆಮೇಲೆ ಸುನಂದಾಳನ್ನು ಕರೆಸಿ ನನ್ನೆದುರಿಗೇ ಅವಳ ಕಾಗದಕ್ಕೆ ಸಹಿ ಹಾಕಿದರು. ವಿಮಾನ ಕಂಪನಿಗೆ ತಪ್ಪೊಪ್ಪಿಗೆಯ ಪತ್ರವನ್ನು ನಾನು ನನ್ನ ಹೆಸರಿನಲ್ಲೇ ಬರೆದೆ.

ಹೊರಗೆ ಬಂದು ಸುನಂದಾಳಿಗೆ ತಪ್ಪಾಯಿತೆಂದೆ. ಅವಳು "ಇರ್ಲಿ ಬಿಡ್ರಿ" ಎನ್ನುತ್ತಾಳೆಂದು ನನ್ನ ನಿರೀಕ್ಷೆ. ಅನ್ನಲಿಲ್ಲ. "ಅಷ್ಟ ಮಂದಿ ಮುಂದ ನನಗ ಸುಳ್ಳಿ ಅಂದರ್ರಿ ಸರ್. ದಿಲ್ಲಿ ಮುಟ್ಟೂತನಕ ತಲಿ ಎತ್ತಿಲ್ಲರಿ ನಾ. ನಿನ್ನೆ ನೀವು ತಲಿ ಆಡಿಸಿದ್ರಲ್ಲ, ಅದು ಅದಕಿಂತ ಹೆಚ್ಚ ಆಯ್ತರಿ" ಎಂದಳು.

ನಲವತ್ತು ಪುಟಗಳನ್ನೂ ಹೊಸದಾಗಿ ತುಂಬುವ ಕೆಲಸವನ್ನು ಸಾಹೇಬರು ಸುನಂದಾಳಿಗೇ ಒಪ್ಪಿಸಿದರು. ಅವಳು ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು, ಥೇಟ್ ಮೆಹಬೂಬ್ ಭಾಯಿಯ ಹಾಗೆ. ಕೊನೆಗೆ ನನ್ನ ಮೇಜಿಗೆ ಬಂದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, ಆ ಪುಟದಲ್ಲಿ ಏನೇನಿದೆ, ಯಾವ ಗುರುತು ಹಾಕಿದರೆ ವಿಮಾನ ಕಂಪನಿಗೆ ಏನು ಹೋಗುತ್ತದೆ ಎಂದು ಸಮಾಧಾನವಾಗಿ ವಿವರಿಸಿದಳು. "ಈಗ ನಿಮ್ಮ ಕುರ್ಚಿ ಇಡ್ಲೇನ್ರಿ, ತೆಗೀಲೇನ್ರಿ?"

ನಾನು ತಲೆಯಾಡಿಸಿದೆ.

ಅವಳು ಕೈ ಕಟ್ಟಿಕೊಂಡು ನಿಂತಳು. "ತಲಿ ಆಡಸಬ್ಯಾಡ್ರಿ ಸರ್. ಬಾಯಿಲೆ ಹೇಳ್ರಿ."