ನಾಲ್ಕೂ ಗಾಲಿ ಎಳೆದ ದಿನ

ಲಗಮಪ್ಪನ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕ ಒಂದು ಸಣ್ಣ ಲಿವರ್ ಇತ್ತು. ಅಥಣಿಯ ಸರಕಾರಿ ಕಚೇರಿಯೊಂದರಲ್ಲಿ ಮೂರು ವರ್ಷ ಆ ಜೀಪು ಓಡಿಸಿದರೂ ಅವನು ಅದನ್ನು ಮುಟ್ಟಿರಲಿಲ್ಲ. ಹಿಂದಿನ ಡ್ರೈವರು ನಿವೃತ್ತನಾಗುವಾಗ, "ಅದೊಂದ ಮುಟ್ಟಬ್ಯಾಡಪಾ" ಎಂದು ಹೇಳಿಹೋಗಿದ್ದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಲಗಮಪ್ಪ ದಸರೆಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿ ದೂರದಿಂದಲೇ ಕೈಮುಗಿಯುತ್ತಿದ್ದ.

೧೯೮೮ರ ಮಳೆಗಾಲದ ಒಂದು ಬೆಳಿಗ್ಗೆ ಗುಮಾಸ್ತ ಜಯಪಾಲ ಅವನ ಕಿವಿಯಲ್ಲಿ ಪಿಸುಗುಟ್ಟಿದ: "ಲಗಮಣ್ಣಾ, ನಿಪ್ಪಾಣಿಗೆ ನಿನ್ನ ವರ್ಗಾವಣಿ ಕಾಗದ ಟೈಪ್ ಆಗೇತಿ. ಸಂಜಿಗೆ ಸಾಹೇಬ್ರು ಸಹಿ ಹಾಕ್ತಾರ. ಇವತ್ತೊಂದ ದಿನ ಅವರ ತಲಿ ಕೆಡಸಬ್ಯಾಡ."

ನಿಪ್ಪಾಣಿಯಲ್ಲಿ ಹೆಂಡತಿ ಅಕ್ಕುತಾಯಿ ಮೂರು ವರ್ಷದಿಂದ ಒಬ್ಬಳೇ ಇದ್ದಳು. ತಾನೇ ಬಡಿದ ಸುಟ್ಟ ರೊಟ್ಟಿ ತಿಂದು ಬೇಸತ್ತಿದ್ದ ಲಗಮಪ್ಪ, ಇವತ್ತು ಹಾರ್ನ್ ಕೂಡ ಮೆಲ್ಲಗೆ ಬಾರಿಸಬೇಕೆಂದು ನಿರ್ಧರಿಸಿದ.

ಸಾಹೇಬರು ಮೈಸೂರು ಕಡೆಯವರು. ಬಿಳಿ ಸಫಾರಿ ತೊಟ್ಟು ಐಗಳಿ ಎಂಬ ಹಳ್ಳಿಗೆ ಹೊರಟರು. ನಡುವೆ ಡಾಂಬರು ಮುಗಿದು ಎರಡು ಮೈಲಿ ಮಣ್ಣಿನ ರಸ್ತೆ. ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಲಗಮಪ್ಪ ಜೀಪನ್ನು ಸ್ವಲ್ಪ ಬದಿಗೆ ಇಳಿಸಿದ. ಎಡಗಡೆಯ ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಹೂತಿತು. ಎಕ್ಸಿಲರೇಟರ್ ಒತ್ತಿದರೆ ಆ ಗಾಲಿ ಭೂತ ಹೊಕ್ಕಂತೆ ತಿರುಗಿತು. ಉಳಿದ ಮೂರು, ಮುನಿಸಿಕೊಂಡ ಬೀಗರಂತೆ ಅಲ್ಲಾಡಲಿಲ್ಲ. ಏನಾಯಿತೆಂದು ನೋಡಲು ಇಳಿದ ಸಾಹೇಬರು ಸರಿಯಾಗಿ ಆ ಗಾಲಿಯ ಹಿಂದೆಯೇ ನಿಂತರು. ಅರೆಕ್ಷಣದಲ್ಲಿ ಸಫಾರಿಗೆ ಕರಿಮಣ್ಣಿನ ಗಿಲಾವು ಆಯಿತು.

ಹೊಲದಲ್ಲಿದ್ದ ಕಾಕಾಸಾಹೇಬ, ಅವನ ಹೆಂಡತಿ ಗಂಗೂಬಾಯಿ ಓಡಿಬಂದರು.

"ಗಾಲಿ ಕೆಳಗ ಕಲ್ಲ ಕೊಡ್ರಿ!" ಎಂದ ಕಾಕಾಸಾಹೇಬ. ಕಲ್ಲು ಮುಳುಗಿತು.

"ಕಬ್ಬಿನ ರವದಿ ಹಾಕ್ರಿ!" ಎಂದಳು ಗಂಗೂಬಾಯಿ. ಗಾಲಿ ಆ ಒಣಗರಿಯಷ್ಟನ್ನೂ ಎತ್ತಿ ಅವಳ ಗಂಡನ ರುಮಾಲಿನ ಮೇಲೆ ಒಗೆಯಿತು.

ಅಷ್ಟರಲ್ಲಿ ಸೈಕಲ್ ಮೇಲೆ ಬಂದ ಧೂಳಪ್ಪ, ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿ ಬಂದವನು, ಬಗ್ಗಿ ಜೀಪಿನ ಹೊಟ್ಟೆ ನೋಡಿದ.

"ಹಿಂದಿನ ಎರಡೂ ಗಾಲಿ ನಡುವ ಒಂದ ಡಬ್ಬಿ ಐತಿ ನೋಡ, ಅದ ಡಿಫರೆನ್ಶಿಯಲ್. ಚಕ್ಕಡಿ ಹೊಳ್ಳುವಾಗ ಹೊರಗಿನ ಎತ್ತು ಹೆಚ್ಚು ನಡೀಬೇಕು, ಒಳಗಿಂದು ಕಡಿಮಿ. ಗಾಲೀನೂ ಹಂಗ. ಅದಕ್ಕ ಆ ಡಬ್ಬಿ ಎರಡನ್ನೂ ತಮ್ಮ ತಮ್ಮ ಪಾಡಿಗೆ ತಿರಗಾಕ ಬಿಡತೈತಿ."

"ಮತ್ತ ಈಗ್ಯಾಕ ಒಂದ ತಿರಗಾಕತ್ತೈತ್ರಿ?" ಎಂದ ಲಗಮಪ್ಪ.

"ಅದರ ಕೆಟ್ಟ ಚಾಳಿ ಅದ. ಕೆಸರಿನ್ಯಾಗಿನ ಗಾಲಿ ಹಗುರ, ತಿರಗೂದೆಲ್ಲಾ ಅದರ ಪಾಲಿಗೆ. ಗಟ್ಟಿ ನೆಲದಾಗಿಂದು ಸುಮ್ನ ನಿಲ್ಲತೈತಿ."

"ನಮ್ಮ ಮನ್ಯಾಗೂ ಹಂಗರಿ," ಎಂದಳು ಗಂಗೂಬಾಯಿ ಗಂಡನನ್ನು ನೋಡಿ. "ನಾ ತಿರಗತೀನಿ, ಇವರು ನಿಂತಿರತಾರ."

"ಮುಂದಿನ ಗಾಲೀನೂ ಎಳೀಲಿ ಅಂತ ಆ ಸಣ್ಣ ಲಿವರ್ ಕೊಟ್ಟಾರ. ಹಾಕ!" ಎಂದ ಧೂಳಪ್ಪ.

"ಮುಟ್ಟಬ್ಯಾಡ ಅಂದಾರ್ರಿ…"

"ಹಾಕಲೇ!"

ಲಗಮಪ್ಪ ಕಣ್ಣು ಮುಚ್ಚಿ ಲಿವರ್ ತಳ್ಳಿದ. ಮುರುಮಿನ ಗಟ್ಟಿ ನೆಲದ ಮೇಲಿದ್ದ ಮುಂದಿನ ಗಾಲಿಗಳು ನೆಲ ಕಚ್ಚಿ ಎಳೆದವು. ಜೀಪು ಹಗ್ಗ ಕಿತ್ತ ಹೋರಿಯಂತೆ ರಸ್ತೆಗೆ ಹಾರಿತು. ಸಾಹೇಬರು ಹತ್ತಿ ಕೂತು ಜೀಪು ಹೊರಟಾಗ ಧೂಳಪ್ಪ ಹಿಂದಿನಿಂದ ಕೂಗುತ್ತಿದ್ದ: "ಡಾಂಬರ ಬಂದ ಕೂಡ್ಲೇ ತಗೀಪಾ! ಮುಂದಿನ ಜೋಡಿ ಹಿಂದಿನ ಜೋಡಿ ನಡುವ ಅಂಥಾ ಡಬ್ಬಿ ಇಲ್ಲ, ಹೊಳ್ಳುವಾಗ ಜಗಳಾಡತಾವ! ಲಿವರ್ ಸಿಕ್ಕೊಂಡ್ರ ನೆಟ್ಟಗ ರಿವರ್ಸ್ ಹೋಗ!"

ಡಾಂಬರು ಬಂತು. ಆದರೆ ಮೂರು ವರ್ಷಕ್ಕೆ ಒಲಿದ ದೇವರನ್ನು ಇಷ್ಟು ಬೇಗ ಬಿಡಲು ಲಗಮಪ್ಪನಿಗೆ ಮನಸ್ಸಾಗಲಿಲ್ಲ. ಪ್ರತಿ ತಿರುವಿಗೂ ಸ್ಟೇರಿಂಗ್ ಬಿಗಿಯಾಗುತ್ತ ಹೋಯಿತು, ಟಾಯರು ಕಿರುಗುಟ್ಟಿದವು. ಐಗಳಿಯ ದೊಡ್ಡ ತಿರುವು ಅರ್ಧ ದಾಟುವಷ್ಟರಲ್ಲಿ ಎರಡೂ ಜೋಡಿ ಗಾಲಿಗಳ ಜಗಳ ತಾರಕಕ್ಕೇರಿ ಜೀಪು ಮೊಂಡ ಕೋಣನಂತೆ ನಿಂತಿತು. ಲಿವರ್ ಎಳೆದ, ಬರಲಿಲ್ಲ. ಎರಡೂ ಕೈ ಹಾಕಿ ಎಳೆದ, ಬರಲಿಲ್ಲ.

ರಿವರ್ಸ್! ಲಗಮಪ್ಪ ಸ್ಟೇರಿಂಗ್ ನೆಟ್ಟಗೆ ಮಾಡಿ, ಕತ್ತು ಹಿಂದಕ್ಕೆ ತಿರುಗಿಸಿ, ಜೀಪನ್ನು ಹಿಂದಕ್ಕೆ ಬಿಟ್ಟ. ಪಕ್ಕದಲ್ಲಿ ಸಾಹೇಬರು "ಅಯ್ಯಯ್ಯೋ" ಎಂದರು. ಮುಗಿಯಿತು ನನ್ನ ನಿಪ್ಪಾಣಿ ಎಂದುಕೊಂಡ. ಐವತ್ತು ಮಾರು ಹೋದ ಮೇಲೆ ಕಟಕ್ ಎಂದು ಲಿವರ್ ಬಿಟ್ಟುಕೊಂಡಿತು. ಖುಷಿಯಿಂದ ಮುಂದಕ್ಕೆ ಗೇರು ಹಾಕಹೋದರೆ ಸಾಹೇಬರು ಅವನ ಕೈ ಹಿಡಿದರು.

"ಮುಂದಕ್ಕಲ್ಲಪ್ಪಾ! ಹಿಂದಕ್ಕೇ ಬಿಡು! ಬೇಗ!"

ಆಗ ಅವನು ಮುಂದೆ ನೋಡಿದ. ಊರಿನ ಬೋರು ಕೆಟ್ಟು ಎರಡು ತಿಂಗಳಾಗಿತ್ತು. ನಲವತ್ತು ಹೆಂಗಸರು ಖಾಲಿ ಕೊಡ ಹಿಡಿದು ಜೀಪಿನ ಕಡೆಗೇ ಓಡಿಬರುತ್ತಿದ್ದರು. ಎಲ್ಲರಿಗಿಂತ ಮುಂದಿದ್ದ ಸಕ್ಕುಬಾಯಿ, "ಸರಕಾರ ಹಿಂದಕ್ಕ ಓಡಾಕತ್ತೈತಿ, ಹಿಡೀರೇ!" ಎಂದು ಕೂಗುತ್ತಿದ್ದಳು. ಲಗಮಪ್ಪ ಅರ್ಧ ಮೈಲಿ ಹಿಂದಕ್ಕೇ ಓಡಿಸಿದ.

ಸಂಜೆ ಸಾಹೇಬರು ಅವನನ್ನು ಒಳಗೆ ಕರೆಸಿದರು. ಜಯಪಾಲ ಕಾಗದ ಹಿಡಿದು ನಿಂತಿದ್ದ.

"ಆ ಕೊಡಗಳು ನನಗೆ ಕಾಣೋಕೆ ಮುಂಚೆ ಇವನಿಗೆ ಕಂಡವು ಕಣ್ರೀ! ಒಂದು ಮಾತಾಡದೆ ರಿವರ್ಸ್ ಹಾಕಿದ. ಏನು ಬುದ್ಧಿ, ಏನು ಬುದ್ಧಿ!"

ಬೈಗುಳಕ್ಕೆ ಸಿದ್ಧನಾಗಿದ್ದ ಲಗಮಪ್ಪ ಹಿಗ್ಗಿಹೋದ. "ಎಲ್ಲಾ ನಿಮ್ಮ ಆಶೀರ್ವಾದ್ರಿ," ಎಂದ.

ಸಾಹೇಬರು ಕಾಗದ ತೆಗೆದುಕೊಂಡು ಮೇಲಿಂದ ಕೆಳಗಿನವರೆಗೆ ಅಡ್ಡಗೆರೆ ಎಳೆದರು. "ಇಂಥವನನ್ನ ನಿಪ್ಪಾಣಿಗೆ ಕೊಟ್ಟು ನಾನು ಐಗಳಿಗೆ ಯಾರ ಜೊತೆ ಹೋಗಲಿ? ನಾನಿರೋವರೆಗೂ ಇವನು ಇಲ್ಲೇ."

ಲಗಮಪ್ಪ ಎರಡೂ ಕೈ ಜೋಡಿಸಿದ. "ಸಾಹೇಬ್ರ, ನನಗ ಕೊಡಾ ಗಿಡಾ ಏನೂ ಕಂಡಿಲ್ರಿ! ನನಗ ಬುದ್ಧಿನೂ ಇಲ್ರಿ! ಲಿವರ್ ಸಿಕ್ಕೊಂಡಿತ್ರಿ!"

ಸಾಹೇಬರು ಜಯಪಾಲನ ಕಡೆ ತಿರುಗಿದರು.

"ನೋಡಿದ್ರಾ, ಎಷ್ಟು ವಿನಯ!"