ಸೈಕಲ್ಲಿಗಿಲ್ಲದ ಹರಕೆ

ಐವತ್ತೈದು ದಾಟಿದವನು ಸೈಕಲ್ ಹತ್ತಿದರೆ ನಮ್ಮ ಕಡೆ ಜನ ಅವನನ್ನು ಸುಮ್ಮನೆ ಹೋಗಗೊಡುವುದಿಲ್ಲ. ಹೆಂಡತಿಯೂ ಬಿಡಲಿಲ್ಲ. ಯಾವ ಗಾಡಿಯನ್ನೂ ಹತ್ತದೆ ದಿನವಿಡೀ ಸುತ್ತಿ, ದೀಪ ಹಚ್ಚುವುದರೊಳಗೆ ಕುಂದಗೋಳದ ಮನೆ ಮುಟ್ಟಬೇಕು, ಇಲ್ಲದಿದ್ದರೆ ಸೈಕಲ್ ತನ್ನ ತಮ್ಮನಿಗೆ ಎಂದಳು. ಆ ಸೈಕಲ್ ಎಂದರೆ ನನಗೆ ಜೀವ.

೧

ಮಂಜು ಹರಿಯುವ ಮುಂಚೆ ಹುಬ್ಬಳ್ಳಿಯ ಹೊರಬಡಾವಣೆಗಳಲ್ಲಿದ್ದೆ. ಹೊಸ ಮನೆಗಳು ಇನ್ನೂ ನಿದ್ದೆಯಲ್ಲಿದ್ದವು, ನಾನೂ ಅರ್ಧ ಕನಸಿನಲ್ಲೇ ತುಳಿಯುತ್ತಿದ್ದೆ. ವಾಕಿಂಗ್ ಹೊರಟ ಹಿರಿಯರೊಬ್ಬರು ನಿಲ್ಲಿಸಿ, ಸ್ಕೂಟರ್ ಕೆಟ್ಟಿದೆಯೇ ಎಂದು ಕೇಳಿದರು. ಇಲ್ಲ, ಸುಮ್ಮನೆ ಖುಷಿಗೆ ಹೊರಟಿದ್ದೇನೆ ಎಂದೆ. ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಶುಗರ್ ಎಷ್ಟೈತ್ರಿ?"

೨

ಸಂಶಿಯ ಚಹಾದಂಗಡಿಯಲ್ಲಿ ಕಾಕಾ ಒಬ್ಬರು ನನ್ನ ಸೈಕಲ್ಲನ್ನು ಎತ್ತು ಕೊಳ್ಳುವವರ ಹಾಗೆ ಸುತ್ತು ಹಾಕಿ ನೋಡಿದರು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನಿಗೆ ಮುಚ್ಚಳವಿಲ್ಲ, ಸೀಟು ಅಂಗೈಯಗಲ. ಮರುಕದಿಂದ ತಮ್ಮ ಪಾಲಿನ ಮಿರ್ಚಿ ಭಜಿಯನ್ನೂ ನನ್ನ ಕಡೆ ಸರಿಸಿದರು.

"ಉಳಿದ ಸಾಮಾನು ಯಾವಾಗ ಬರ್ತಾವ್ರಿ?"

೩

ಕುಬಿಹಾಳದ ಹತ್ತಿರ ಎರಡೂ ಬಾಜು ಕಡಲೆ ಹೊಲ. ಕರಿ ನೆಲ ಆಕಾಶದ ತನಕ ಚಾಚಿತ್ತು, ನಾನು ತುಳಿಯುತ್ತಿದ್ದೆನೋ ರಸ್ತೆಯೇ ನನ್ನನ್ನು ಒಯ್ಯುತ್ತಿತ್ತೋ ತಿಳಿಯಲಿಲ್ಲ. ರೈತನೊಬ್ಬ ಊಟಕ್ಕೆ ಕರೆದ. ರೊಟ್ಟಿ, ಬದನೆಯ ಎಣಗಾಯಿ ಬಡಿಸುತ್ತ ನನ್ನ ಓಣಿ, ಮನೆ ಎಲ್ಲ ವಿಚಾರಿಸಿದ. ಟೆಂಪೋದಲ್ಲಿ ಬಿಡುತ್ತೇನೆಂದ. ಹೆಂಡತಿಯ ಕರಾರು ಹೇಳಲು ನಾಚಿಕೆಯಾಗಿ, ಗಾಡಿ ಹತ್ತುವುದಿಲ್ಲವೆಂದು ಹರಕೆ ಇದೆ ಎಂದುಬಿಟ್ಟೆ. ಅವನು ಕೈಮುಗಿದ.

ಬೇವಿನ ನೆರಳಲ್ಲಿ ಕಣ್ಣು ಮುಚ್ಚಿದೆ. ಕನಸಿನಲ್ಲಿ ಸೈಕಲ್ ನನ್ನನ್ನು ಬಿಟ್ಟು ತಾನೇ ಕಡಲೆ ಹೊಲದ ಮೇಲೆ ತೇಲಿ ಹೋಗುತ್ತಿತ್ತು. ಬಹಳ ಚೆಂದ ಕಾಣಿಸಿತು. ಎದ್ದು ನೋಡಿದರೆ ಸೈಕಲ್ ನಿಜವಾಗಿಯೂ ಇರಲಿಲ್ಲ. ರೈತನ ಕಡೆ ಓಡಿದೆ.

"ಮೆಣಸಿನಕಾಯಿ ಟೆಂಪೋದಾಗ ನಿಮ್ಮ ಮನಿಗೆ ಕಳಿಸೇನ್ರಿ," ಎಂದ ರೈತ, ಪುಣ್ಯ ಕಟ್ಟಿಕೊಂಡ ಮುಖದಲ್ಲಿ. "ಹರಕಿ ನಿಮಗೈತಿ, ಅದಕ್ಕ ನಿಮ್ಮನ್ನ ಎಬ್ಬಿಸಲಿಲ್ಲ. ಸೈಕಲ್ಲಿಗೇನ್ ಹರಕಿ ಇಲ್ಲಲ್ರಿ?"

ಹರಕೆಯವನು ನಡೆದೇ ಹೋದರೆ ಇನ್ನೂ ಛಲೋ ಎಂದು ಬುತ್ತಿಯನ್ನೂ ಕಟ್ಟಿಕೊಟ್ಟ. ಹೆಲ್ಮೆಟ್ ಹಾಕಿಕೊಂಡು ನಡೆದೆ. ದಾರಿಯಲ್ಲಿ ಮೂವರು ಬೈಕ್ ನಿಲ್ಲಿಸಿ ಹತ್ತಿರಿ ಎಂದರು. ಮೂವರಿಗೂ ಹರಕೆ ಎಂದೆ.

ಮನೆ ಮುಟ್ಟಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಸೈಕಲ್ ಪಡಸಾಲೆಯಲ್ಲಿ ಮೈ ಒರೆಸಿಕೊಂಡು ನಿಂತಿತ್ತು. ನಾನು ಯಾವ ಗಾಡಿಯನ್ನೂ ಹತ್ತಿಲ್ಲ, ಅದನ್ನು ತಮ್ಮನಿಗೆ ಕೊಡಬೇಡ ಎಂದು ಅಂಗಲಾಚಿದೆ. ಹೆಂಡತಿ ನನ್ನ ಕಾಲಿಗೆ ಬಿಸಿನೀರು ತಂದಿಟ್ಟಳು.

"ಸೈಕಲ್ ಇಲ್ಲೇ ಇರ್ಲಿ ತಗೋರಿ," ಎಂದಳು. "ಹೇಳಿದ ಹೊತ್ತಿಗೆ ಮನಿಗೆ ಬಂದಿದ್ದು ಅದೊಂದ."