ಹಾರುವ ತಟ್ಟೆಯ ಮೂವರು ಸಾಕ್ಷಿಗಳು

"ಇನ್ನು ಮುಂದೆ ಈ ಮಲೆನಾಡಿನ ಆಕಾಶದಲ್ಲಿ ನನಗೆ ತಿಳಿಯದೆ ಒಂದು ಮಿಣುಕುಹುಳವೂ ಹಾರಕೂಡದು!"

ಆಲ್ದೂರಿನಲ್ಲಿ ಪೈಪು, ಪಂಪ್‌ಸೆಟ್ಟು, ಸ್ಪ್ರಿಂಕ್ಲರ್‌ಗಳ ಅಂಗಡಿ ಇಟ್ಟುಕೊಂಡಿರುವ ಬಸವರಾಜಪ್ಪನವರು ಹೀಗೆಂದು ಘೋಷಿಸಿದ್ದು ಯಾವ ವೇದಿಕೆಯ ಮೇಲೂ ಅಲ್ಲ. ತಿಂಡಿ ಮುಗಿಸಿ, ಎಂಜಲು ಕೈಯನ್ನು ಆಕಾಶದತ್ತ ಎತ್ತಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು.

"ಹಾರೋ ತಟ್ಟೆ ಆಮೇಲೆ ಹುಡುಕುವಿರಂತೆ," ಎಂದಳು ಹೆಂಡತಿ ರುದ್ರಾಣಿ. "ಮೊದ್ಲು ತಿಂದ ತಟ್ಟೆ ಎತ್ತಿಡಿ."

ಮಹಾಕಾರ್ಯಗಳಿಗೆ ಇಂಥ ವಿಘ್ನಗಳು ಸಹಜ. ಬಸವರಾಜಪ್ಪನವರು ತಟ್ಟೆ ಎತ್ತಿಟ್ಟರು.

ಸಂಗತಿ ಏನೆಂದರೆ, ಆಕಾಶದಲ್ಲಿ ಕಂಡ ವಿಚಿತ್ರಗಳನ್ನು ತನಿಖೆ ಮಾಡುವ ಬೆಂಗಳೂರಿನ ಬಳಗವೊಂದು ಅವರನ್ನು ಮಲೆನಾಡು ವಿಭಾಗದ ಸಂಚಾಲಕರನ್ನಾಗಿ ನೇಮಿಸಿತ್ತು. ಬಳಗದ ಮುಖ್ಯಸ್ಥ ಹರ್ಷವರ್ಧನ ಎಂಬ ಯುವಕ, ಜೀವನದಲ್ಲಿ ಒಮ್ಮೆಯೂ ನಕ್ಕಿಲ್ಲದವನ ಧ್ವನಿಯಲ್ಲಿ, "ಸಾರ್, ನಾವು ಹಾರುವ ತಟ್ಟೆ ಅನ್ನೋದಿಲ್ಲ. ಗುರುತು ಸಿಗದ ಹಾರುವ ವಸ್ತು ಅಂತೀವಿ. ಹಳೇದು, ಹೊಸದು, ಎಲ್ಲಾ ಕೇಸೂ ಬೇಕು. ಭಾನುವಾರ ಸಂಜೆ ವಿಡಿಯೋ ಮೀಟಿಂಗಲ್ಲಿ ನಿಮ್ಮ ವರದಿ," ಎಂದಿದ್ದ. ಆ ಹುದ್ದೆಗೆ ಇಡೀ ಮಲೆನಾಡಿನಿಂದ ಬೇರೆ ಯಾರೂ ಹೆಸರು ಕೊಟ್ಟಿರಲಿಲ್ಲ ಎಂಬುದನ್ನು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ವಾಷರು, ನಟ್ಟು, ಬೋಲ್ಟು ಎಂದು ಆಯುಷ್ಯವಿಡೀ ನೆಲ ನೋಡಿಕೊಂಡೇ ಬದುಕಿದ ಮನುಷ್ಯ. ಒಂದು ಸಲ ತಲೆಯೆತ್ತಿ ನೋಡಿದ್ದಕ್ಕೆ ನಾಲ್ಕು ಜನ ಭೇಷ್ ಎನ್ನಲಿ ಎಂದು ಆಸೆಪಟ್ಟರೆ ತಪ್ಪೇನು?

ಸುಗ್ಗಿಯ ಕಾಲ. ಜನವರಿಯ ಆಕಾಶ ತೊಳೆದಿಟ್ಟ ಹಾಗಿತ್ತು. "ಆಕಾಶದಲ್ಲಿ ಏನೇ ಕಂಡರೂ ಕೂಡಲೇ ತಿಳಿಸಿ" ಎಂದು ಅವರು ವಾಟ್ಸ್ಯಾಪಿನಲ್ಲಿ ಹಾಕಿದ್ದೇ ತಡ, ಜನಕ್ಕೆ ನೆಲದ ಮೇಲಿನದೇನೂ ಕಾಣಿಸದಂತಾಯಿತು! ಮೂಡಿಗೆರೆಯಿಂದ ಕರೆ ಬಂತು; ಸ್ಕೂಟರಿನಲ್ಲಿ ಸೊಂಟ ಮುರಿದುಕೊಂಡು ಹೋಗಿ ನೋಡಿದರೆ ಯಾರೋ ಹುಟ್ಟುಹಬ್ಬಕ್ಕೆ ಬಿಟ್ಟ ಬಲೂನು ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಗುಡ್ಡದ ಮೇಲೆ ಮಿನುಗಿದ್ದು ಆನೆ ಎಲ್ಲಿದೆ ಎಂದು ಹುಡುಕುವ ಅರಣ್ಯ ಇಲಾಖೆಯವರ ಡ್ರೋನು. ಅದನ್ನೇ ನೋಡುತ್ತಾ ತೋಟದೊಳಗೆ ನುಗ್ಗಿದ ಬಸವರಾಜಪ್ಪನವರಿಗೆ ಆನೆ ಎದುರಾಗಲಿಲ್ಲವೆಂಬುದು ಹಿರಿಯರು ಮಾಡಿದ ಪುಣ್ಯ. ಇನ್ನೊಬ್ಬ ಮಹಾನುಭಾವ ತನ್ನ ಮನೆಯ ಬಲ್ಬು ಕಿಟಕಿ ಗಾಜಿನಲ್ಲಿ ಹೊಳೆಯುವುದನ್ನು ಕಂಡು ಫೋನು ಮಾಡಿದ.

"ಅಲ್ಲೇ ನಿಂತಿದೆ ಸಾರ್! ಅಲ್ಲಾಡ್ತಾನೇ ಇಲ್ಲ!"

"ಒಳಗಿನ ಲೈಟ್ ಆರಿಸು ಮಾರಾಯ."

"ಆರಿಸ್ದೆ ಸಾರ್... ಅಯ್ಯೋ, ಹೆದ್ರಿ ಓಡೋಯ್ತು!"

ಶುಕ್ರವಾರದ ಹೊತ್ತಿಗೆ ಸಂಚಾಲಕರ ಉತ್ಸಾಹವೆಲ್ಲ ಇಳಿದು, ಸೊಂಟನೋವು ಮಾತ್ರ ಉಳಿದಿತ್ತು. ವರದಿಗೆ ಒಂದು ಸಾಲೂ ಇಲ್ಲ. ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟವರನ್ನು ರುದ್ರಾಣಿ ನೋಡಿದಳು.

"ಅಮ್ಮ ನೋಡಿದಾಳಲ್ಲ," ಎಂದಳು.

"ಎಂಥದನ್ನ?"

"ಅದೇ, ನೀವು ಹುಡುಕ್ತಿರೋದನ್ನ. ನಮ್ಮ ಮದ್ವೆ ಆದಾಗಿಂದ ಹೇಳ್ತಾನೇ ಇದಾಳೆ. ನೀವು ಯಾವತ್ತು ಕಿವಿ ಕೊಟ್ಟಿದೀರಿ?"

ಬಸವರಾಜಪ್ಪನವರು ಎದ್ದು ಕೂತರು. ತನಿಖೆಗೆ ಊರೂರು ಅಲೆದವರಿಗೆ ಅತ್ತೆಯ ಮನೆಯೇ ನೆನಪಾಗಿರಲಿಲ್ಲ!

ಶನಿವಾರ ನಸುಕಿನಲ್ಲೇ ಕಾರು ಕಳಸದ ಕಡೆ ಹೊರಟಿತು. ಅತ್ತೆ ಶಿವಗಂಗಮ್ಮನವರು ವಿಷಯ ಕೇಳಿದ್ದೇ ಒಳಗೆ ಹೋಗಿ ಟ್ರಂಕು ಹೊರಗೆ ತಂದರು. ಸಾಕ್ಷಿ ಹೇಳಲು ಟ್ರಂಕೇಕೆ ಎಂದು ಕೇಳುವಷ್ಟರಲ್ಲಿ ಪಕ್ಕದ ಮನೆಯಿಂದ ಅವರ ತಂಗಿ ವಿಮಲಮ್ಮ ಬಂದರು. "ಅಕ್ಕ ಒಬ್ಳೇ ನೋಡಿದ್ದಾ? ನಾನೂ ಪಕ್ಕದಲ್ಲೇ ಇದ್ದೆ!" ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಊರಿನ ತಿರುವಿನಲ್ಲಿ ಗಿಡ್ಡಮ್ಮ ಸಿಕ್ಕಳು. ಪ್ರಾಯದ ಕಾಲದಲ್ಲಿ ಅಕ್ಕತಂಗಿಯರ ತೋಟದಲ್ಲಿ ಅವರಿಬ್ಬರ ಜೊತೆ ಕಾಫಿ ಕುಯ್ಯುತ್ತಿದ್ದವಳು, ಒಂದೇ ವಾರಿಗೆಯವಳು. "ಎಲ್ಲಿಗ್ರಮ್ಮಾ ಸವಾರಿ?" ಎಂದು ಕೇಳಿದ್ದೊಂದೇ, ಕಾರಿನ ಬಾಗಿಲು ತೆರೆಯಿತು. ಬಾಳೆಹೊನ್ನೂರು ದಾಟುವವರೆಗೆ ವಿಮಲಮ್ಮನವರಿಗೆ ತಿರುವು ತಿರುವಿಗೂ ವಾಂತಿ. ದಾಟಿದ ಮೇಲೆ ಹಸಿವು.

ಮನೆಗೆ ಬಂದಾಗ ರುದ್ರಾಣಿ ಅಂಗಡಿಯ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ತನಿಖೆ ಅಂತ ಅಂಗಡಿ ಮುಚ್ಚೋಕಾಗುತ್ತಾ? ನಾನು ಹೋಗಿ ಕೂತ್ಕೊತೀನಿ. ಸಾಕ್ಷಿಗಳನ್ನ ನೀವು ನೋಡ್ಕೊಳ್ಳಿ."

"ಊಟ, ತಿಂಡಿ?"

"ಸಾಕ್ಷಿ ಕರ್ಕೊಂಡು ಬಂದೋರದ್ದೇ ಖರ್ಚು, ಉಪಚಾರ ಎಲ್ಲಾ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು.

ಅಷ್ಟರಲ್ಲಿ ಹರ್ಷವರ್ಧನನ ಫೋನು. "ಸಾರ್, ಮೂವರು ಸಾಕ್ಷಿಗಳಾ? ಅದ್ಭುತ! ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಕೂಡದು. ಬೇರೆ ಬೇರೆ ಕೂರಿಸಿ ವಿಚಾರಿಸಿ."

ಎಂದೂ ಮಾತು ಮುಗಿಯದ ಮೂವರು ಮುದುಕಿಯರನ್ನು ಬೇರೆ ಬೇರೆ ಕೂರಿಸುವುದೆಂದರೆ ಹರಿಯುವ ಭದ್ರೆಯನ್ನು ಮೂರು ಕೊಡಗಳಲ್ಲಿ ತುಂಬಿಡುವ ಕೆಲಸ. ಆದರೂ ಬಸವರಾಜಪ್ಪನವರು ಶಿವಗಂಗಮ್ಮನವರನ್ನು ಕೋಣೆಯಲ್ಲಿ, ಗಿಡ್ಡಮ್ಮನನ್ನು ಹಾಲಿನ ಸೋಫಾದಲ್ಲಿ, ವಿಮಲಮ್ಮನವರನ್ನು ಜಗಲಿಯಲ್ಲಿ ಪ್ರತಿಷ್ಠಾಪಿಸಿದರು. ಮೂರು ಕಡೆ ಮೂರು ಬಗೆಯ ಕಾಫಿ: ಅತ್ತೆಗೆ ಸಕ್ಕರೆ ಇಲ್ಲದ್ದು, ಚಿಕ್ಕತ್ತೆಗೆ ಬೆಲ್ಲದ್ದು, ಗಿಡ್ಡಮ್ಮನಿಗೆ ಲೋಟದ ತುಂಬ.

"ಹೇಳಿ ಅತ್ತೆ, ಎಂಥ ನೋಡಿದ್ರಿ?"

"ಹೇಳ್ತೀನಿ ಅಳಿಯಂದ್ರೇ. ಅಮೆರಿಕದೋರು ಮೇಲೆ ಬಿಟ್ಟಿದ್ದ ಸ್ಕೈಲ್ಯಾಬು ತಲೆ ಮೇಲೆ ಬೀಳುತ್ತೆ ಅಂತ ಊರೆಲ್ಲಾ ಹೆದ್ರಿತ್ತಲ್ಲ, ಅದಾದ ಮೇಲಿನ ಸುಗ್ಗಿ. ಆವತ್ತು ನಾನು ಹಸಿರು ಸೀರೆ ಉಟ್ಟಿದ್ದೆ. ಆ ಸೀರೆ ಯಾರು ಕೊಡ್ಸಿದ್ದು ಗೊತ್ತಾ?"

ಹಸಿರು ಸೀರೆಯಿಂದ ಹೊರಟ ಕಥೆ ಮಧ್ಯಾಹ್ನದ ಊಟದ ಹೊತ್ತಾದರೂ ಆಕಾಶ ಮುಟ್ಟಲಿಲ್ಲ. ದಾರಿಯಲ್ಲಿ ಎರಡು ಮದುವೆ, ಒಂದು ಬಾಣಂತನ, ಕಳೆದುಹೋಗಿ ಸಿಕ್ಕಿದ ಒಂದು ಎಮ್ಮೆ.

"ಅತ್ತೆ, ಆ ತಟ್ಟೆ...?"

"ಬರುತ್ತೆ ಇರಿ. ಇಷ್ಟು ವರ್ಷಕ್ಕೆ ನೀವು ನನ್ನ ಹತ್ರ ಕೂತು ಒಂದು ಮಾತು ಕೇಳ್ತಿರೋದು ಇದೇ ಮೊದಲು. ಅವಸರ ಮಾಡ್ಬೇಡಿ."

ಬಸವರಾಜಪ್ಪನವರು ಪೆನ್ನು ಕೆಳಗಿಟ್ಟರು. ನಿಜವೇ. ಇಷ್ಟು ವರ್ಷ ಅವರು ಕೇಳಿದ್ದು "ಆರಾಮಾ ಅತ್ತೆ?" ಎಂಬುದೊಂದೇ ಪ್ರಶ್ನೆ, ಅದಕ್ಕೂ ಉತ್ತರ ಬರುವ ಮೊದಲೇ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದರು. "ಆಯ್ತು, ಎಮ್ಮೆ ಎಲ್ಲಿ ಸಿಕ್ತು ಹೇಳಿ," ಎಂದರು. ಮುದುಕಿಯ ಮುಖ ಅರಳಿತು.

ಕೊನೆಗೂ ತಟ್ಟೆ ಬಂತು. "ಕುದುರೆಮುಖದ ಕಡೆಯಿಂದ. ದುಂಡಗೆ, ಕೆಂಪಗೆ, ಸದ್ದಿಲ್ಲ ಏನಿಲ್ಲ..."

"ದುಂಡಗಲ್ಲ ಅಕ್ಕಾ!" ಜಗಲಿಯಿಂದ ವಿಮಲಮ್ಮನವರ ಧ್ವನಿ ಸಿಡಿಯಿತು. "ಉದ್ದಕ್ಕಿತ್ತು, ಸೌತೆಕಾಯಿ ಹಾಗೆ!"

"ಚಿಕ್ಕತ್ತೆ, ಸಾಕ್ಷಿಗಳು ಒಬ್ರ ಜೊತೆ ಒಬ್ರು ಮಾತಾಡ್ಬಾರ್ದು!"

"ಮಾತೆಲ್ಲಿ ಆಡ್ತಿದೀನಿ? ಕೂಗ್ತಿದೀನಿ ಅಷ್ಟೆ!"

"ಆ ಕಾಲದಲ್ಲಿ ಕುದುರೆಮುಖದಲ್ಲಿ ಅದಿರಿನ ಕಂಪನಿ ಕೆಲಸ ನಡೀತಿತ್ತಲ್ಲ," ಎಂದು ತನಿಖಾಧಿಕಾರಿಗಳು ಬುದ್ಧಿ ಓಡಿಸಿದರು, "ಅದರ ದೀಪ ಇರಬಹುದಾ?"

"ಕಂಪನಿ ದೀಪ ಆಗಿದ್ರೆ ಕಂಪನಿ ಮುಚ್ಚಿದಾಗ ಮರ್ತೋಗ್ತಿತ್ತು," ಎಂದು ಶಿವಗಂಗಮ್ಮನವರು ತೀರ್ಪು ಕೊಟ್ಟರು.

ಉಳಿದದ್ದು ಗಿಡ್ಡಮ್ಮ. ಅವಳ ಸಾಕ್ಷ್ಯ ಚಿಕ್ಕದು.

"ನಾನು ಕಂಡಿದ್ದು ಇವ್ರಿಬ್ರು ಕಿರುಚ್ಕೊಂಡು ಓಡಿದ್ದು. ಇವ್ರು ಓಡಿದ್ರು ಅಂತ ನಾನೂ ಓಡ್ದೆ."

"ತಿರುಗಿ ನೋಡ್ಲಿಲ್ವಾ?"

"ಓಡೋವಾಗ ತಿರುಗಿ ನೋಡ್ತಾರಾ ಮಾರಾಯ್ರೇ? ಮುಂದಿನ ಮರ ಯಾರು ನೋಡ್ಬೇಕು?"

ಬಂದಾಗಿನಿಂದ ಬಸವರಾಜಪ್ಪನವರಿಗೆ ಮನೆಯ ಮೂರು ದಿಕ್ಕಿನಿಂದಲೂ ಕರೆ ಮೊಳಗುತ್ತಿತ್ತು. "ಅಳಿಯಂದ್ರೇ, ಬೇಗ ಬನ್ನಿ!" ಓಡಿದರೆ ಕನ್ನಡಕ ಮಂಚದ ಕೆಳಗೆ ಬಿದ್ದಿದೆ. "ಬನ್ನಿ ಬನ್ನಿ!" ಓಡಿದರೆ ಬಿಸಿನೀರು. "ಅಯ್ಯೋ, ಬನ್ನೀಪ್ಪಾ!" ಓಡಿದರೆ ಫ್ಯಾನಿನ ಸ್ವಿಚ್ಚು ಯಾವುದು? ಸಂಜೆಯ ಹೊತ್ತಿಗೆ ಅವರ ಕಾಲು ಅವರದಾಗಿ ಉಳಿದಿರಲಿಲ್ಲ. ಅದರ ಮೇಲೆ ವಿಮಲಮ್ಮನವರಿಗೆ ಅಕ್ಕಿರೊಟ್ಟಿ ತಿನ್ನುವ ಬಯಕೆಯಾಯಿತು. ಉಳಿದಿಬ್ಬರು ಸಾಕ್ಷಿಗಳೂ ಇದೊಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದರು.

ರುದ್ರಾಣಿ ಅಂಗಡಿಯಿಂದ ಬಂದಳು. ಮುಖದಲ್ಲಿ ಎಂದೂ ಇಲ್ಲದ ಕಳೆ. ಅಡುಗೆಮನೆಗೆ ಇಣುಕಿ, ಹಿಟ್ಟು ಮೆತ್ತಿಕೊಂಡ ಗಂಡನನ್ನು ಕಂಡು, "ಪರವಾಗಿಲ್ಲ, ನಡೀಲಿ," ಎಂದು ಹೊರಗೆ ಹೋದಳು. ಮನೆಯ ಮುಂದಿನ ಕಣದಲ್ಲಿ ಒಣಗುತ್ತಿದ್ದ ತಮ್ಮ ತುಂಡು ತೋಟದ ಕಾಫಿಯನ್ನು ನಾಲ್ವರೂ ಸೇರಿ ರಾಶಿ ಮಾಡಿ, ಇಬ್ಬನಿಗೆ ಟಾರ್ಪಾಲು ಹೊದಿಸಿ, ಅಂಚಿನಲ್ಲಿ ಸಾಲಾಗಿ ಕೂತರು. ಸಾಕ್ಷಿಗಳು ಒಟ್ಟಿಗೆ ಕೂರಬಾರದೆಂದು ಕೂಗಿ ಹೇಳಲೂ ಸಂಚಾಲಕರಲ್ಲಿ ತ್ರಾಣವಿರಲಿಲ್ಲ. ಹೊರಗೆ ನಗು. ರುದ್ರಾಣಿ ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ಅವರು ಕೇಳಿ ಎಷ್ಟು ಕಾಲವಾಗಿತ್ತೋ! ಒಂದು ಗಳಿಗೆ ರೊಟ್ಟಿ ಮರೆತು ಆ ನಗುವನ್ನೇ ಕೇಳುತ್ತಾ ನಿಂತರು.

ಹೊರಗೆ ಹೊತ್ತು ಮುಳುಗಿದ್ದರೂ ಬಾನಿನಲ್ಲಿ ಇನ್ನೂ ಕೆಂಪು ಉಳಿದಿತ್ತು.

"ರೀ! ಬನ್ನಿ! ಬೇಗ!"

"ಬಂದೆ, ಬಂದೆ! ಚಟ್ನಿ ತಾನೇ?"

"ಅಳಿಯಂದ್ರೇ! ಓಡಿ ಬನ್ನಿ!"

"ತರ್ತಿದೀನಿ ಅತ್ತೆ! ನನಗೂ ಎರಡೇ ಕೈ!"

"ಸಾವ್ಕಾರ್ರೇ!" ಇದು ಗಿಡ್ಡಮ್ಮನ ಚೀತ್ಕಾರ.

ಕಾವಲಿಯ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು, ಚಟ್ನಿಯ ಬಟ್ಟಲು ಹಿಡಿದು ಬಸವರಾಜಪ್ಪನವರು ಕಣಕ್ಕೆ ಬಂದರು. ನಾಲ್ಕು ಬಾಯಿ ತೆರೆದಿದ್ದವು. ನಾಲ್ಕು ಬೆರಳು ಆಕಾಶಕ್ಕೆ ನೆಟ್ಟಿದ್ದವು. ಆಕಾಶದಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ.

"ಹೋಯ್ತು," ಎಂದಳು ರುದ್ರಾಣಿ.

"ಎಂಥದು ಹೋಯ್ತು?"

"ದೀಪದ ಸಾಲು ರೀ! ಮಣಿ ಪೋಣಿಸಿದ ಹಾಗೆ, ಒಂದರ ಹಿಂದೆ ಒಂದು! ಆ ಗುಡ್ಡದಿಂದ ಈ ಗುಡ್ಡಕ್ಕೆ!"

"ನಾನಂದೆ ಅಲ್ವಾ, ಉದ್ದಕ್ಕಿರುತ್ತೆ ಅಂತ!" ವಿಮಲಮ್ಮ ವಿಜಯದ ನಗೆ ನಕ್ಕರು.

"ಒಂದೊಂದು ದೀಪನೂ ದುಂಡಗಿತ್ತು," ಶಿವಗಂಗಮ್ಮ ಬಿಡಲಿಲ್ಲ.

"ಈ ಸಲ ನಾನು ಓಡ್ಲಿಲ್ಲ," ಎಂದಳು ಗಿಡ್ಡಮ್ಮ ಹೆಮ್ಮೆಯಿಂದ. "ಮಂಡಿನೋವು."

ಬಸವರಾಜಪ್ಪನವರು ಅಳುವುದೊಂದು ಬಾಕಿ. "ಫೋಟೋ ಆದ್ರೂ ತೆಗೀಬಾರ್ದಾ ಮಾರಾಯ್ತಿ!"

"ನೋಡೋದು ಬಿಟ್ಟು ಫೋನ್ ಯಾರು ಹುಡುಕ್ತಾರೆ?" ಎಂದ ರುದ್ರಾಣಿ ಮೂಗರಳಿಸಿದಳು. "ಅದಿರ್ಲಿ, ಒಳಗೆ ಎಂಥದೋ ಸೀದ ವಾಸನೆ!"

ಭಾನುವಾರ ಸಂಜೆ ಫೋನನ್ನು ಡಬ್ಬಿಗೆ ಒರಗಿಸಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬಸವರಾಜಪ್ಪನವರು ಬಳಗದ ಮುಂದೆ ಕೂತರು. ಹಿಂದೆ ನಾಲ್ವರು ಸಾಕ್ಷಿಗಳು, ಮುಡಿದುಕೊಂಡು ಬಂದ ಹೂವಿನ ಸಮೇತ. ಪರದೆಯ ತುಂಬ ಪುಟ್ಟ ಪುಟ್ಟ ಮುಖಗಳು. ಗಂಟಲು ಸರಿಮಾಡಿಕೊಂಡು "ಮಾನ್ಯರೇ" ಎಂದರು.

"ಸಾರ್, ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದ ಹರ್ಷವರ್ಧನ. "ಅಮ್ಮಂದಿರು ಕಾಣ್ತಾ ಇಲ್ಲ."

ಸರಿದರು. ಅಮ್ಮಂದಿರು ಮಾತಾಡಿದರು. ಹಸಿರು ಸೀರೆಯಿಂದಲೇ ಮಾತಾಡಿದರು. ಬಳಗವೆಲ್ಲ ಎಮ್ಮೆ ಸಿಕ್ಕಿದ್ದಕ್ಕೆ ಚಪ್ಪಾಳೆ ತಟ್ಟಿತು. ನಿನ್ನೆಯದು ಸಾಲಾಗಿ ಸಾಗುವ ಉಪಗ್ರಹಗಳಿರಬಹುದು ಎಂದು ಹರ್ಷವರ್ಧನ ವಿವರಿಸಿದಾಗ, "ಇರಬಹುದಪ್ಪಾ, ನೀನು ನೋಡಿಲ್ವಲ್ಲ," ಎಂದು ಶಿವಗಂಗಮ್ಮನವರು ಅವನನ್ನು ಕ್ಷಮಿಸಿದರು.

ಎಲ್ಲ ಮುಗಿದ ಮೇಲೆ ಅವನಿಗೆ ಸಂಚಾಲಕರ ನೆನಪಾಯಿತು. "ಸಾರ್, ನೀವೂ ಸ್ಥಳದಲ್ಲೇ ಇದ್ರಲ್ಲ. ನೀವೇನು ನೋಡಿದ್ರಿ?"

ಸುಳ್ಳು ಹೇಳಲು ಬಸವರಾಜಪ್ಪನವರಿಗೆ ಬಾಯಿ ಬರಲಿಲ್ಲ. ಅಷ್ಟು ಶಕ್ತಿಯೂ ಉಳಿದಿರಲಿಲ್ಲ.

"ರೊಟ್ಟಿ," ಎಂದರು.

ಹರ್ಷವರ್ಧನ ನಗಲಿಲ್ಲ. ಟೈಪು ಮಾಡುವ ಸದ್ದು ಕೇಳಿಸಿತು. "ಆಕಾರ?"

"ಹಾಗಂತ ಏನೂ ಇರ್ಲಿಲ್ಲ."

"ಬಣ್ಣ?"

"ಕಪ್ಪು. ಸುತ್ತ ಹೊಗೆ."

"ನಮಗ್ಯಾರಿಗೂ ಅದೇನು ಅಂತ ಗುರುತೇ ಸಿಗ್ಲಿಲ್ಲ ಸಾರ್," ಎಂದು ರುದ್ರಾಣಿ ಹಿಂದಿನಿಂದ ಸಾಕ್ಷ್ಯ ನುಡಿದಳು.

ಹರ್ಷವರ್ಧನನ ಧ್ವನಿ ಇನ್ನಷ್ಟು ಗಂಭೀರವಾಯಿತು. "ಮೇಡಂ, ಸರಿಯಾಗಿ ಯೋಚನೆ ಮಾಡಿ ಹೇಳಿ. ಅದು ಹಾರ್ತಾ?"

"ಹಾರ್ತು ಸಾರ್," ಎಂದಳು ರುದ್ರಾಣಿ. "ನಾನೇ ಬೇಲಿ ಆಚೆ ಎಸ್ದೆ!"